ಸಿಂಹ, ಡ್ರ್ಯಾಗನ್, ನೂಲಿನ ಎಳೆ: ಮಕ್ಕಳ ಕ್ರೈಸ್ತ ಫ್ಯಾಂಟಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ನಮ್ಮ ಸಂಡೆ ಸ್ಕೂಲಿನಲ್ಲಿ ಮಕ್ಕಳಿಗೆ ಕಥೆಪುಸ್ತಕ ಕೊಡುವ ಒಂದು ಕಪಾಟು ಇದೆ. ಅದರ ಉಸ್ತುವಾರಿ ನನ್ನದು. ಭಾನುವಾರ ಆರಾಧನೆ ಮುಗಿದ ಮೇಲೆ ಮಕ್ಕಳು ಪುಸ್ತಕ ಆರಿಸುತ್ತಾರೆ, ದೊಡ್ಡವರು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಾರೆ. ಉಡುಪಿ, ಕಾರ್ಕಳ, ಮೂಲ್ಕಿ ಕಡೆಯ ಟೀಚರುಗಳು ಫೋನಿನಲ್ಲಿ ಕೇಳುವುದೂ ಹೆಚ್ಚುಕಮ್ಮಿ ಅದನ್ನೇ. ಆ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಕ್ರೈಸ್ತ ಫ್ಯಾಂಟಸಿ ಅಂದರೆ ಬೈಬಲ್ ಕಥೆಗಳೇ ಅಲ್ಲವೇ?

ಅಲ್ಲ. ನೋಹನ ನಾವೆ, ದಾವೀದ ಮತ್ತು ಗೊಲ್ಯಾತ, ಇವು ಧರ್ಮಗ್ರಂಥದ ವೃತ್ತಾಂತಗಳು. ಎಷ್ಟೇ ಬಣ್ಣದ ಚಿತ್ರ ಹಾಕಿ ಹೇಳಿದರೂ ಅವು ಫ್ಯಾಂಟಸಿ ಆಗುವುದಿಲ್ಲ. ಫ್ಯಾಂಟಸಿಯಲ್ಲಿ ಲೇಖಕ ಎಲ್ಲೂ ಇಲ್ಲದ ಒಂದು ಲೋಕ ಕಟ್ಟುತ್ತಾನೆ. ಅಲ್ಲಿ ಪ್ರಾಣಿಗಳು ಮಾತಾಡಬಹುದು, ಬೆಟ್ಟದ ಹೊಟ್ಟೆಯಲ್ಲಿ ಕುಳ್ಳರ ರಾಜ್ಯ ಇರಬಹುದು. ಆ ಲೋಕದಲ್ಲಿ ಕ್ಷಮೆ, ದ್ರೋಹ, ತ್ಯಾಗ, ದಾರಿ ತಪ್ಪಿದವನು ಮರಳಿ ಬರುವುದು, ಇವೆಲ್ಲ ನಮ್ಮ ನಂಬಿಕೆ ಹೇಳುವ ರೀತಿಯಲ್ಲೇ ನಡೆದರೆ ಅದನ್ನು ಕ್ರೈಸ್ತ ಫ್ಯಾಂಟಸಿ ಅನ್ನುತ್ತೇವೆ. ಯೇಸುಸ್ವಾಮಿಯ ಹೆಸರು ಒಂದು ಸಲವೂ ಬಾರದೆ ಇರಬಹುದು. ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ 'ಹಾಬಿಟ್'ನಲ್ಲಿ ಚರ್ಚ್ ಇಲ್ಲ, ಪ್ರಾರ್ಥನೆ ಇಲ್ಲ. ಆದರೆ ಕಗ್ಗತ್ತಲ ಸುರಂಗದಲ್ಲಿ ಕಥಾನಾಯಕ ಬಿಲ್ಬೊ ಕೈಯಲ್ಲಿ ಕತ್ತಿ ಇದೆ, ಎದುರಿಗೆ ತನ್ನನ್ನು ಕೊಲ್ಲಲು ಕಾದಿರುವ ಗೊಲ್ಲಮ್ ಇದ್ದಾನೆ. ಅವನ ಪಾಡು ನೆನೆದು ಬಿಲ್ಬೊಗೆ ಕರುಣೆ ಬರುತ್ತದೆ, ಕೊಲ್ಲದೆ ಜಿಗಿದು ದಾಟಿ ಹೋಗುತ್ತಾನೆ. ಆ ಪುಟವನ್ನು ಓದಿದ ಮಗುವಿಗೆ ಕರುಣೆಯ ಬಗ್ಗೆ ಬೇರೆ ಪಾಠ ಬೇಡ.

ಯಾವ ವಯಸ್ಸಿಗೆ?

8ರಿಂದ 12 ವರ್ಷ. ನಮ್ಮ ಲೆಕ್ಕದಲ್ಲಿ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸು. ಚಿತ್ರಪುಸ್ತಕ ಸಾಕಾಗಿರುತ್ತದೆ, ದೊಡ್ಡವರ ಕಾದಂಬರಿ ಇನ್ನೂ ದೂರ ಇರುತ್ತದೆ. ಸರಿ ತಪ್ಪು ಬಗ್ಗೆ ಮಕ್ಕಳು ಅತಿ ಖಡಕ್ಕಾಗಿ ಯೋಚಿಸುವುದೂ ಇದೇ ವಯಸ್ಸಿನಲ್ಲಿ. "ಅವನು ಮೋಸ ಮಾಡಿದ, ಅವನಿಗೆ ಶಿಕ್ಷೆ ಆಗ್ಬೇಕು" ಎಂದು ಪಟ್ಟು ಹಿಡಿದು ಕೂರುತ್ತಾರೆ. ಕ್ಷಮೆಯ ಕಥೆ ಅವರ ಮನಸ್ಸಿಗೆ ನಾಟುವುದು ಈ ಪಟ್ಟಿನಿಂದಾಗಿಯೇ.

ಬೈಬಲ್ ಮಾಟಮಂತ್ರ ಬೇಡ ಅನ್ನುತ್ತದೆ. ಮತ್ತೆ ಮಾಂತ್ರಿಕರು, ಮಾಟಗಾತಿಯರು ಇರುವ ಪುಸ್ತಕ ಮಕ್ಕಳ ಕೈಗೆ ಕೊಡಬಹುದೇ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಆತಂಕ ನಿಜವಾದದ್ದು. ಧರ್ಮೋಪದೇಶಕಾಂಡ 18ನೇ ಅಧ್ಯಾಯದಲ್ಲಿ ಕಣಿ ಹೇಳುವುದು, ಮಂತ್ರ ಹಾಕುವುದು, ಸತ್ತವರನ್ನು ವಿಚಾರಿಸುವುದು ಇವಕ್ಕೆಲ್ಲ ಸ್ಪಷ್ಟ ನಿಷೇಧ ಇದೆ. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದ ಜನ ತಮ್ಮ ಮಾಟದ ಪುಸ್ತಕಗಳನ್ನು ತಂದು ಸುಟ್ಟರು. ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ ಆಗಿತ್ತು ಎಂದು ಬರೆದಿದೆ.

ಆದರೆ ಎಫೆಸದಲ್ಲಿ ಸುಟ್ಟದ್ದು ಮಾಡುವ ವಿಧಾನ ಹೇಳುವ ಪುಸ್ತಕಗಳನ್ನು, ಕಥೆಗಳನ್ನಲ್ಲ. ಹಾಗಾಗಿ ನಾನು ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡುವುದು ಇದನ್ನು: ಮಗು ಮನೆಗೆ ಹೋಗಿ ಮಾಡಿ ನೋಡಬಹುದಾದ ಏನನ್ನಾದರೂ ಇದು ಕಲಿಸುತ್ತದೆಯೇ? ಸತ್ತವರನ್ನು ಕರೆಯುವುದು, ಭವಿಷ್ಯ ನೋಡುವುದು, ಯಾರಿಗಾದರೂ ಕೇಡಾಗಲಿ ಎಂದು ಏನಾದರೂ ಮಾಡುವುದು ಇದ್ದರೆ ಆ ಪುಸ್ತಕ ನಮ್ಮ ಕಪಾಟಿಗೆ ಬರುವುದಿಲ್ಲ. ಎರಡನೆಯದಾಗಿ, ಆ ಕಥೆಯಲ್ಲಿ ಶಕ್ತಿಗಾಗಿ ಹಂಬಲಿಸುವವನ ಗತಿ ಏನಾಗುತ್ತದೆ ಎಂದು ನೋಡುತ್ತೇನೆ. ಸಿ. ಎಸ್. ಲೂಯಿಸರು ನಾರ್ನಿಯಾ ಎಂಬ ಕಲ್ಪನೆಯ ಲೋಕದ ಬಗ್ಗೆ ಬರೆದ ಕಥೆಗಳಲ್ಲಿ ಮಾಟ ಮಾಡುವವಳು ಬಿಳಿ ಮಾಟಗಾತಿ; ಅವಳ ಬಲ ಎಲ್ಲರನ್ನೂ ಕಲ್ಲಾಗಿಸುತ್ತದೆ. 'ದಿ ಮ್ಯಾಜಿಶಿಯನ್ಸ್ ನೆವ್ಯೂ' ಪುಸ್ತಕದ ಆಂಡ್ರೂ ಮಾಮ ತನ್ನ ಪ್ರಯೋಗಕ್ಕೆ ತಾನು ಹೋಗದೆ ಮಕ್ಕಳನ್ನು ಕಳಿಸುವ ಹೇಡಿ. ಮಾಂತ್ರಿಕನಾಗಬೇಕು ಎಂಬ ಆಸೆ ಅದನ್ನು ಓದಿದ ಯಾವ ಮಗುವಿಗೂ ಹುಟ್ಟುವುದಿಲ್ಲ.

ಕಟ್ಟುಕಥೆಯನ್ನು ಬೈಬಲೇ ಬಳಸುತ್ತದೆ ಎನ್ನುವುದನ್ನೂ ಮರೆಯಬಾರದು. ನ್ಯಾಯಸ್ಥಾಪಕರು 9ರಲ್ಲಿ ಯೋತಾಮ ಹೇಳುವ ಕಥೆಯಲ್ಲಿ ಮರಗಳು ತಮಗೊಬ್ಬ ರಾಜ ಬೇಕೆಂದು ಹೊರಡುತ್ತವೆ. ಎಣ್ಣೆಮರ, ಅಂಜೂರ, ದ್ರಾಕ್ಷೆ ಒಲ್ಲೆವೆನ್ನುತ್ತವೆ, ಕೊನೆಗೆ ಮುಳ್ಳುಗಿಡ ಒಪ್ಪುತ್ತದೆ. ಪ್ರಕಟನೆ 12ರಲ್ಲಿ ಏಳು ತಲೆಯ ಕೆಂಪು ಘಟಸರ್ಪವೇ ಬರುತ್ತದೆ. ನಾತಾನ ಪ್ರವಾದಿ ಬಡವನ ಕುರಿಮರಿಯ ಕಥೆ ಕಟ್ಟಿ ಹೇಳದೆ ನೇರವಾಗಿ ಬೈದಿದ್ದರೆ ದಾವೀದ ಅರಸ ಕಿವಿಗೊಡುತ್ತಿದ್ದನೇ?

ಇಷ್ಟಾದರೂ ಮನಸ್ಸು ಒಪ್ಪದ ಮನೆಗಳಿವೆ. ಆ ಮನೆಯ ಮಗುವಿಗೆ ಈ ಪುಸ್ತಕ ಕೊಡುವುದಿಲ್ಲ. ತಂದೆತಾಯಿಯ ಮಾತು ಮೀರಿ ಕೊಟ್ಟ ಪುಸ್ತಕದಿಂದ ಯಾವ ಒಳ್ಳೆಯದೂ ಆಗುವುದಿಲ್ಲ.

ಒಳ್ಳೆಯ ಪುಸ್ತಕ ಅಂದರೆ ಸಾವು, ಯುದ್ಧ, ಭಯ ಏನೂ ಇರಬಾರದಲ್ಲವೇ?

ಇರಬಹುದು. ಇರಲೇಬೇಕು ಎಂದೂ ಹೇಳುತ್ತೇನೆ. ನಮ್ಮ ಮಕ್ಕಳು ಅಜ್ಜಿಯ ಸಾವು ನೋಡಿದ್ದಾರೆ, ದೋಣಿ ಮಗುಚಿದ ಸುದ್ದಿ ಕೇಳಿದ್ದಾರೆ, ಕ್ಲಾಸಿನಲ್ಲಿ ಪೀಡಿಸುವವರ ಕೈಗೆ ಸಿಕ್ಕಿದ್ದಾರೆ. ಲೂಯಿಸ್ ಬರೆದ ಒಂದು ಮಾತಿನ ತಾತ್ಪರ್ಯ ಹೀಗಿದೆ: ಮಕ್ಕಳು ಕ್ರೂರ ಶತ್ರುಗಳನ್ನು ಎದುರಿಸುವುದು ಹೇಗೂ ತಪ್ಪಿದ್ದಲ್ಲ, ಧೀರರೂ ಇರುತ್ತಾರೆ ಎನ್ನುವುದನ್ನಾದರೂ ಅವರು ಕೇಳಿರಲಿ.

ಬೇಡವಾದದ್ದು ಬೇರೆ ಇದೆ. ಹಿಂಸೆಯನ್ನು ಸವಿಯುತ್ತಾ ಬರೆದದ್ದು ಬೇಡ. ಕಪ್ಪಗಿರುವವರನ್ನು, ದಪ್ಪಗಿರುವವರನ್ನು, ಕುಂಟುವವರನ್ನು ನಗೆಪಾಟಲು ಮಾಡುವುದು ಬೇಡ. ಅಪ್ಪ ಅಮ್ಮ ಟೀಚರು ಎಲ್ಲರೂ ದಡ್ಡರು, ಮಗು ಒಂದೇ ಬುದ್ಧಿವಂತ ಎನ್ನುವ ಕಥೆಯೂ ಬೇಡ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಾರ್ನಿಯಾದ 'ದಿ ಲಯನ್, ದಿ ವಿಚ್ ಆಂಡ್ ದಿ ವಾರ್ಡ್ರೋಬ್' ಪುಸ್ತಕದ 14ನೇ ಅಧ್ಯಾಯದಲ್ಲಿ ಸಿಂಹರಾಜ ಅಸ್ಲಾನನನ್ನು ಕಟ್ಟಿಹಾಕಿ, ಅವನ ಕೇಸರ ಬೋಳಿಸಿ, ಹಂಗಿಸಿ, ಕಲ್ಲಿನ ಮೇಜಿನ ಮೇಲೆ ಕೊಲ್ಲುತ್ತಾರೆ. ಎಂಟು ವರ್ಷದ ಮಗುವಿಗೆ ಇದು ಭಾರ. ರಾತ್ರಿ ಅಲ್ಲಿಗೆ ನಿಲ್ಲಿಸಿ ದೀಪ ಆರಿಸಬೇಡಿ. ಇಲಿಗಳು ಬಂದು ಹಗ್ಗ ಕಡಿಯುವುದು, ಬೆಳಗಾಗುವುದು, ಅಸ್ಲಾನ್ ಎದ್ದು ಬರುವುದು ಎಲ್ಲ ಇರುವುದು 15ನೇ ಅಧ್ಯಾಯದಲ್ಲಿ. ಎರಡನ್ನೂ ಒಂದೇ ಕೂತಿಗೆ ಓದಿ ಮುಗಿಸಿ.

ಎಲ್ಲಿಂದ ಶುರು ಮಾಡುವುದು?

ಎಂಟು ಒಂಬತ್ತು ವರ್ಷದವರಿಗೆ ನಾನು ಮೊದಲು ಕೊಡುವುದು ಜಾರ್ಜ್ ಮ್ಯಾಕ್‌ಡೊನಾಲ್ಡರ 'ದಿ ಪ್ರಿನ್ಸೆಸ್ ಆಂಡ್ ದಿ ಗಾಬ್ಲಿನ್', 1872ರ ಪುಸ್ತಕ. ಪುಟ್ಟ ರಾಜಕುಮಾರಿ ಐರೀನಳಿಗೆ ಅರಮನೆಯ ಅಟ್ಟದಲ್ಲಿ ನೂಲುತ್ತಾ ಕೂತ ಮುತ್ತಜ್ಜಿಯೊಬ್ಬಳು ಸಿಗುತ್ತಾಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೊಂದನ್ನು ಕೊಟ್ಟು, ಅಪಾಯ ಬಂದಾಗ ಬೆರಳಿಟ್ಟು ಇದರ ಹಿಂದೆ ಹೋಗು ಅನ್ನುತ್ತಾಳೆ. ಆ ಎಳೆ ಐರೀನಳನ್ನು ಸುರಕ್ಷಿತ ಜಾಗಕ್ಕಲ್ಲ, ಗಾಬ್ಲಿನ್ ಎಂಬ ನೆಲದಡಿಯ ದುಷ್ಟ ಕುಳ್ಳರ ಗವಿಯೊಳಕ್ಕೇ ಕರೆದೊಯ್ಯುತ್ತದೆ. ಅಲ್ಲಿ ಕಲ್ಲಿನ ರಾಶಿಗೆ ಬಂದು ನಿಲ್ಲುತ್ತದೆ. ಹಿಂದಕ್ಕೆ ಹೋಗೋಣವೆಂದರೆ ಎಳೆ ಕೈಗೇ ಸಿಗುವುದಿಲ್ಲ. ಅವಳು ಅಳುತ್ತಾಳೆ, ಆಮೇಲೆ ಒಂದೊಂದೇ ಕಲ್ಲು ತೆಗೆಯುತ್ತಾಳೆ. ಕಲ್ಲುಗಳ ಆಚೆ ಸೆರೆಯಾಗಿರುವವನು ಗಣಿಯ ಹುಡುಗ ಕರ್ಡಿ.

ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಭಾಗ ಆಮೇಲಿನದು. ಬಿಡಿಸಿಕೊಂಡು ಬಂದ ಕರ್ಡಿಗೆ ಮುತ್ತಜ್ಜಿ ಕಾಣುವುದಿಲ್ಲ, ಅವನು ನಂಬುವುದೂ ಇಲ್ಲ. ಐರೀನಳಿಗೆ ತುಂಬಾ ನೋವಾಗುತ್ತದೆ. ಮುತ್ತಜ್ಜಿ ಅವನ ಮೇಲೆ ಸಿಟ್ಟಾಗುವುದಿಲ್ಲ. ಸ್ವಲ್ಪ ಕಾಲ ಬೇರೆಯವರು ನಂಬದಿದ್ದರೂ ನೀನು ತಾಳಿಕೊಳ್ಳಬೇಕು ಎನ್ನುತ್ತಾಳೆ. ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹೇರಬಾರದು ಎನ್ನುವುದನ್ನು ಮಕ್ಕಳಿಗೆ ಇಷ್ಟು ಮೃದುವಾಗಿ ಹೇಳಿದ ಕಥೆ ನಾನು ಬೇರೆ ಓದಿಲ್ಲ.

ಒಂಬತ್ತು ಹತ್ತಕ್ಕೆ ನಾರ್ನಿಯಾ. ಹನ್ನೊಂದಕ್ಕೆ 'ಹಾಬಿಟ್'. ಜಾನ್ ಬನ್ಯನ್ ಬೆಡ್‌ಫರ್ಡ್ ಜೈಲಿನಲ್ಲಿ ಬರೆಯತೊಡಗಿ 1678ರಲ್ಲಿ ಅಚ್ಚಾದ 'ದಿ ಪಿಲ್‌ಗ್ರಿಮ್ಸ್ ಪ್ರೊಗ್ರೆಸ್' ಎಂಬ ಯಾತ್ರಿಕನ ಕಥೆ ಹನ್ನೆರಡರ ಹೊತ್ತಿಗೆ ಸರಿಯಾಗುತ್ತದೆ. ಆ ಪುಸ್ತಕಕ್ಕೂ ನಮ್ಮ ಊರಿಗೂ ನಂಟಿದೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಬಲ್ಮಠದಲ್ಲಿ ಅಚ್ಚುಕೂಟ ಶುರುವಾದದ್ದು 1841ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ. ಅದೇ ಮಿಷನರಿಗಳ ಕೈಯಿಂದ ಬನ್ಯನ್ನನ ಪುಸ್ತಕ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂತು. ಕ್ರೈಸ್ತ ಕಲ್ಪನಾಕಥೆ ಕನ್ನಡಕ್ಕೆ ಹೊಸದು ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ನಾರ್ನಿಯಾದ ಏಳು ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು?

ಅಚ್ಚಾದ ಕ್ರಮದಲ್ಲಿ. 1950ರ 'ಲಯನ್' ಮೊದಲು. ಈಗಿನ ಸೆಟ್ಟುಗಳಲ್ಲಿ 1955ರ 'ಮ್ಯಾಜಿಶಿಯನ್ಸ್ ನೆವ್ಯೂ' ಮೇಲೆ ಒಂದನೇ ನಂಬರು ಹಾಕಿರುತ್ತಾರೆ, ಕಥೆಯ ಕಾಲದ ಪ್ರಕಾರ ಅದೇ ಮೊದಲು ನಡೆಯುವುದು. ಆದರೆ ಬಟ್ಟೆಯ ಕಪಾಟಿನ ಬಾಗಿಲು ತೆರೆದು ಲೂಸಿ ಹಿಮದ ಮೇಲೆ ಕಾಲಿಡುವಾಗ ಅವಳಷ್ಟೇ ಬೆರಗು ಓದುವ ಮಗುವಿಗೂ ಆಗಬೇಕು. ಎಲ್ಲಾ ಮೊದಲೇ ಗೊತ್ತಿದ್ದರೆ ಆ ಬೆರಗು ಹೋಯಿತು.

ನಾವು ಕ್ಯಾಥೊಲಿಕರು. ಈ ಲೇಖಕರು ಯಾವ ಸಭೆಯವರು?

ಲೂಯಿಸ್ ಆಂಗ್ಲಿಕನ್, ಟೋಲ್ಕಿನ್ ಕ್ಯಾಥೊಲಿಕ್. ನಾಸ್ತಿಕನಾಗಿದ್ದ ಲೂಯಿಸ್ 1931ರಲ್ಲಿ ಕ್ರಿಸ್ತನ ಕಡೆ ತಿರುಗಿದ್ದರಲ್ಲಿ ಗೆಳೆಯ ಟೋಲ್ಕಿನ್ನರ ಪಾತ್ರ ದೊಡ್ಡದು. ಮ್ಯಾಕ್‌ಡೊನಾಲ್ಡ್ ಸ್ಕಾಟ್ಲೆಂಡಿನವರು, ಕೆಲಕಾಲ ಕಾಂಗ್ರೆಗೇಶನಲ್ ಸಭೆಯ ಪಾದ್ರಿಯಾಗಿದ್ದವರು. ನಮ್ಮ ಜಿಲ್ಲೆಗಳಲ್ಲಿ ಕೊಂಕಣಿ ಕ್ಯಾಥೊಲಿಕರು, ಬಾಸೆಲ್ ಮಿಷನ್ ಪರಂಪರೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ)ಯವರು, ಕೇರಳ ಮೂಲದ ಸಿರಿಯನ್ ಕ್ರೈಸ್ತರು, ಪೆಂಟೆಕೊಸ್ತಲರು ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದೇವೆ. ಈ ಕಥೆಗಳನ್ನು ಎಲ್ಲರ ಮಕ್ಕಳೂ ಓದುತ್ತಾರೆ.

ಬನ್ಯನ್ ವಿಷಯದಲ್ಲಿ ಮಾತ್ರ ಒಂದು ಮಾತು. ಮೂಲ ಪುಸ್ತಕದ ಒಂದು ಕಡೆ ಗವಿಯಲ್ಲಿ ಕೂತ ಮುದಿ ರಾಕ್ಷಸನಿಗೆ ಪೋಪ್ ಎಂದು ಹೆಸರಿಟ್ಟಿದ್ದಾನೆ. 17ನೇ ಶತಮಾನದ ಇಂಗ್ಲೆಂಡಿನ ಜಗಳ ಅದು. ಮಕ್ಕಳಿಗೆ ಕೊಡುವ ಸಂಕ್ಷಿಪ್ತ ಪ್ರತಿಯಲ್ಲಿ ಆ ಭಾಗ ಇದೆಯೇ ಎಂದು ನೋಡಿಕೊಂಡೇ ಕೊಳ್ಳಿ.

ನಾರ್ನಿಯಾದಲ್ಲಿ ನಾವು ಜಾಗ್ರತೆಯಿಂದ ಓದಬೇಕಾದ ಭಾಗ ಇದೆಯೇ?

ಇದೆ. 'ದಿ ಹಾರ್ಸ್ ಆಂಡ್ ಹಿಸ್ ಬಾಯ್' ಮತ್ತು 'ದಿ ಲಾಸ್ಟ್ ಬ್ಯಾಟಲ್' ಪುಸ್ತಕಗಳಲ್ಲಿ ಕ್ಯಾಲೊರ್ಮೆನ್ ಎಂಬ ದೇಶದವರು ಬರುತ್ತಾರೆ. ಕಪ್ಪು ಮೈಬಣ್ಣ, ಮುಂಡಾಸು, ಬಾಗಿದ ಕತ್ತಿ. ಅವರಲ್ಲಿ ಹೆಚ್ಚಿನವರು ಕ್ರೂರಿಗಳು, ಮೋಸಗಾರರು. ಆ ಕಾಲದ ಇಂಗ್ಲಿಷರಿಗೆ ಪೂರ್ವದೇಶದವರು ಹಾಗೆ ಕಂಡರು. ನಮ್ಮ ಮಕ್ಕಳ ಮೈಬಣ್ಣವೂ ಕಪ್ಪೇ. ಶಾಲೆಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂರುವುದು ಬ್ಯಾರಿ ಮುಸ್ಲಿಂ ಮಕ್ಕಳು. ಇದನ್ನು ಮುಚ್ಚಿಡದೆ ಮಾತಾಡಬೇಕು: ಲೇಖಕರು ಇಲ್ಲಿ ನ್ಯಾಯವಾಗಿ ನೋಡಲಿಲ್ಲ, ನಿನಗೆ ಏನನ್ನಿಸಿತು ಎಂದು ಕೇಳಬೇಕು. ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ. 'ಹಾರ್ಸ್' ಪುಸ್ತಕದ ಧೀರ ಹುಡುಗಿ ಅರಾವಿಸ್ ಕ್ಯಾಲೊರ್ಮೆನಿನವಳೇ ಅನ್ನುವುದನ್ನು, ಕೊನೆಯ ಪುಸ್ತಕದಲ್ಲಿ ಬೇರೆ ದೇವರನ್ನು ನಿಷ್ಠೆಯಿಂದ ಸೇವಿಸಿದ ಎಮೆತ್ ಎಂಬ ಯುವಕನನ್ನು ಅಸ್ಲಾನ್ ಪ್ರೀತಿಯಿಂದ ಬರಮಾಡಿಕೊಳ್ಳುತ್ತಾನೆ ಎನ್ನುವುದನ್ನು ಜೊತೆಗೆ ನೆನಪಿಸುತ್ತೇನೆ.

ಮಗ ಕನ್ನಡ ಮೀಡಿಯಂ. ಈ ಪುಸ್ತಕಗಳ ಇಂಗ್ಲಿಷ್ ಅವನಿಗೆ ಕಷ್ಟ. ಏನು ಮಾಡಲಿ?

ನೀವು ಓದಿ, ನೀವೇ ಹೇಳಿ. ಈ ಪ್ರಾಯದ ಮಕ್ಕಳಿಗೆ ತಾವೇ ಓದುವುದಕ್ಕಿಂತ ಹೆಚ್ಚು ಕೇಳಿ ಅರ್ಥವಾಗುತ್ತದೆ. ಒಂದು ಪುಟ ಮನಸ್ಸಿನಲ್ಲೇ ಓದಿಕೊಳ್ಳಿ, ಪುಸ್ತಕ ಮಡಿಲಲ್ಲಿಟ್ಟು ಅದನ್ನು ಕನ್ನಡದಲ್ಲಿ ಹೇಳಿ. ಮನೆಮಾತು ತುಳುವೋ ಕೊಂಕಣಿಯೋ ಆದರೆ ಪಾತ್ರಗಳು ಅದರಲ್ಲೇ ಮಾತಾಡಲಿ. ನಮ್ಮಲ್ಲಿ ಒಬ್ಬರು ಅಜ್ಜಿ ನಾರ್ನಿಯಾದ ಮಾತಾಡುವ ಪ್ರಾಣಿಗಳಾದ ಬೀವರ್ ದಂಪತಿಯ ಮಾತನ್ನೆಲ್ಲ ತುಳುವಿನಲ್ಲೇ ಹೇಳುತ್ತಾರೆ, ಹೆಂಡತಿ ಗಂಡನನ್ನು ಗದರುವ ಕಡೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನಮ್ಮ ಮಕ್ಕಳು ಹಿಮ ನೋಡಿಲ್ಲ. ನಾರ್ನಿಯಾದಲ್ಲಿ ಯಾವಾಗಲೂ ಚಳಿಗಾಲ, ಆದರೆ ಕ್ರಿಸ್‌ಮಸ್ ಮಾತ್ರ ಬರುವುದೇ ಇಲ್ಲ ಎಂದರೆ ಅವರಿಗೆ ಅದರ ಸಂಕಟ ತಾಗುವುದಿಲ್ಲ. ನಾನು ಹೀಗೆ ಹೇಳುತ್ತೇನೆ: ಆಟಿ ತಿಂಗಳ ಮಳೆ ಹೊಯ್ಯುತ್ತಲೇ ಇದೆ, ನಿಲ್ಲುವುದೇ ಇಲ್ಲ, ತೆನೆ ಹಬ್ಬ ಬರುವುದೇ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಜನ್ಮದಿನದ ಆ ತೆನೆ ಹಬ್ಬಕ್ಕೆ, ಬುಟ್ಟಿ ತುಂಬಾ ಹೂ ಹೊತ್ತು ಹೋಗುವ ಮಕ್ಕಳ ಮುಖ ಆಗ ನೋಡಬೇಕು.

ಲೂಸಿಯ ಅಣ್ಣ ಎಡ್ಮಂಡನನ್ನು ಮಾಟಗಾತಿ ಮರುಳು ಮಾಡುವುದು ಟರ್ಕಿಷ್ ಡಿಲೈಟ್ ಎಂಬ ಸಿಹಿ ಕೊಟ್ಟು. ಹಿಟ್ಟು, ಸಕ್ಕರೆಯ ಮೆತ್ತನೆಯ ತುಂಡು ಅದು. ಆ ಅಧ್ಯಾಯ ಓದುವ ದಿನ ಅಂಗಡಿಯಿಂದ ಕಾರ್ನ್‌ಫ್ಲೋರ್ ಹಲ್ವ ತಂದು ಆಳಿಗೊಂದು ತುಂಡು ಕೊಡಿ. ಇನ್ನೊಂದು ಬೇಕು ಎಂದು ಕೈ ಚಾಚಿದಾಗ ಇಲ್ಲ ಅನ್ನಿ, ಓದು ಮುಂದುವರಿಸಿ. ಎಡ್ಮಂಡ್ ಯಾಕೆ ಅಣ್ಣ, ಅಕ್ಕ, ತಂಗಿಯರಿಗೆ ಮೋಸ ಮಾಡಿದ ಎಂದು ಆಮೇಲೆ ವಿವರಿಸಬೇಕಾಗಿಲ್ಲ.

ಸಮಯ ಯಾವಾಗ ಅನ್ನುತ್ತೀರಿ. ಜುಲೈಯಲ್ಲಿ ಮಳೆ ಜೋರಾಗಿ ಡಿಸಿಯವರು ಶಾಲೆಗೆ ರಜೆ ಕೊಡುತ್ತಾರಲ್ಲ, ಆ ದಿನಗಳು ಇದಕ್ಕೆ ಬಹಳ ಒಳ್ಳೆಯವು.

ಓದಿದ ಮೇಲೆ ಇದರ ನೀತಿ ಏನು ಎಂದು ಕೇಳಬೇಕಲ್ಲವೇ? ಇಲ್ಲದಿದ್ದರೆ ಬರೀ ಕಥೆ ಆಗಿ ಉಳಿಯುತ್ತದೆ.

ಉಳಿಯಲಿ. ದಯವಿಟ್ಟು ಕೇಳಬೇಡಿ. ಟೀಚರುಗಳ ಹತ್ತಿರ ನಾನು ಕೈ ಮುಗಿದು ಕೇಳಿಕೊಳ್ಳುವ ಒಂದೇ ವಿಷಯ ಇದು.

ಉದಾಹರಣೆಗೆ ನಾರ್ನಿಯಾದ 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್', 1952ರ ಪುಸ್ತಕ. ಯೂಸ್ಟಸ್ ಎಂಬ ಸಿಡುಕು ಹುಡುಗ ಡ್ರ್ಯಾಗನ್ನಿನ ನಿಧಿಯ ಮೇಲೆ ದುರಾಸೆಯಿಂದ ಮಲಗಿ, ಏಳುವಾಗ ತಾನೇ ಡ್ರ್ಯಾಗನ್ ಆಗಿರುತ್ತಾನೆ. ಕೈಗೆ ಹಾಕಿಕೊಂಡಿದ್ದ ಬಳೆ ಈಗ ದಪ್ಪ ಕಾಲಿಗೆ ಬಿಗಿದು ಕಚ್ಚುತ್ತಿದೆ. ಒಂದು ರಾತ್ರಿ ಸಿಂಹ ಬಂದು ಬೆಟ್ಟದ ಮೇಲಿನ ಬಾವಿಯ ಬಳಿ ಕರೆದೊಯ್ಯುತ್ತದೆ. ನೀರಿಗಿಳಿಯುವ ಮೊದಲು ಮೈಮೇಲಿನದು ಕಳಚು ಅನ್ನುತ್ತದೆ. ಹುಡುಗ ಹಾವಿನ ಹಾಗೆ ಪೊರೆ ಸುಲಿಯುತ್ತಾನೆ. ಕೆಳಗೆ ಇನ್ನೊಂದು ಪೊರೆ. ಅದನ್ನೂ ಸುಲಿದರೆ ಮತ್ತೊಂದು. ಮೂರು ಸಲ ಆಗುತ್ತದೆ. ಆಗ ಸಿಂಹ, ನಾನು ಸುಲಿಯಬೇಕು, ಬಿಡು ಅನ್ನುತ್ತದೆ. ಮೊದಲ ಉಗುರು ಎದೆಯವರೆಗೂ ಇಳಿದಂತೆ ಅವನಿಗೆ ನೋವಾಗುತ್ತದೆ. ಆಮೇಲೆ ಎತ್ತಿ ನೀರಿಗೆ ಎಸೆಯುತ್ತದೆ. ಮೇಲೆದ್ದಾಗ ಮತ್ತೆ ಹುಡುಗ.

ಇಷ್ಟು ಓದಿ ಸುಮ್ಮನೆ ಕೂತಿದ್ದ ಮಗುವಿಗೆ "ಇದು ದೀಕ್ಷಾಸ್ನಾನದ ಸಂಕೇತ, ಬರೆದುಕೋ" ಎಂದರೆ ಏನಾಗುತ್ತದೆ? ಆ ಮಗುವಿನ ಎದೆಯಲ್ಲಿ ಕಥೆ ನಡೆಸುತ್ತಿದ್ದ ಕೆಲಸ ನಿಂತುಹೋಗುತ್ತದೆ. ಬದಲಿಗೆ ಪರೀಕ್ಷೆಯ ಉತ್ತರವೊಂದು ಸಿಗುತ್ತದೆ. ಮುಂದೊಂದು ದಿನ ಚರ್ಚಿನಲ್ಲಿ ಯಾವುದೋ ಕೂಸಿನ ದೀಕ್ಷಾಸ್ನಾನ ನಡೆಯುವಾಗ ಆ ಮಗು ತಾನಾಗಿಯೇ ನಿಮ್ಮ ಸೆರಗು ಜಗ್ಗಿ "ಯೂಸ್ಟಸ್" ಅನ್ನಲಿ. ಅಲ್ಲಿಯವರೆಗೆ ಕಾಯಿರಿ.

ಅದೇ ಪುಸ್ತಕದ ಕೊನೆಯಲ್ಲಿ ಮಕ್ಕಳು ಲೋಕದ ಅಂಚಿಗೆ ಬರುತ್ತಾರೆ. ದಡದ ಹುಲ್ಲಿನ ಮೇಲೆ ಬಿಳಿ ಕುರಿಮರಿಯೊಂದು ಬೆಂಕಿಯಲ್ಲಿ ಮೀನು ಸುಟ್ಟು, ತಿಂಡಿಗೆ ಬನ್ನಿ ಎಂದು ಕರೆಯುತ್ತದೆ. ಮಲ್ಪೆಯಿಂದ ಬರುವ ಒಬ್ಬ ಹುಡುಗ ಇದನ್ನು ಕೇಳಿದ್ದೇ, ಯೇಸುಸ್ವಾಮಿಯೂ ದಡದಲ್ಲಿ ಮೀನು ಸುಟ್ಟಿದ್ದರಲ್ಲ ಎಂದ. ಯೋಹಾನ 21ನೇ ಅಧ್ಯಾಯ ಅದು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಸಿನೆಮಾ ತೋರಿಸಿದರೆ ಸಾಲದೇ?

ಪುಸ್ತಕ ಆದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಮಗುವಿನ ತಲೆಯಲ್ಲಿ ಹುಟ್ಟಬೇಕಾದ ಅಸ್ಲಾನ್ ಹುಟ್ಟುವುದಿಲ್ಲ.

ಹಿಂದೂ, ಮುಸ್ಲಿಂ ಮನೆಯ ಮಕ್ಕಳು ಕೇಳಿದರೆ ಕೊಡುತ್ತೀರಾ?

ಮನೆಯವರಿಗೆ ತಿಳಿಸಿ ಕೊಡುತ್ತೇವೆ. ಇದನ್ನು ಬರೆದವರು ಕ್ರೈಸ್ತರು, ಅವರ ನಂಬಿಕೆ ಇದರಲ್ಲಿದೆ, ಒಮ್ಮೆ ನೀವೂ ನೋಡಿ ಎಂದು ಮೊದಲೇ ಹೇಳುತ್ತೇವೆ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಯಕ್ಷಗಾನ ನೋಡಿ ಬೆಳೆದ ಮಗುವಿಗೆ ಮಾತಾಡುವ ಕರಡಿ ಹೊಸದೇನಲ್ಲ, ಜಾಂಬವಂತನನ್ನು ನೋಡಿರುತ್ತದೆ. ಕಥೆಯನ್ನು ಗಾಳಕ್ಕೆ ಸಿಕ್ಕಿಸುವ ಎರೆಯನ್ನಾಗಿ ಮಾಡುವುದು ಕಥೆಗೂ ಅವಮಾನ, ಮಗುವಿಗೂ ಅವಮಾನ.

ನಮ್ಮ ತುಳುನಾಡಿನಲ್ಲೇ ನಡೆಯುವ ಕ್ರೈಸ್ತ ಫ್ಯಾಂಟಸಿ ಬರೆಯಬೇಕೆಂದಿದ್ದೇನೆ. ಭೂತಗಳನ್ನು ಖಳರನ್ನಾಗಿ ಮಾಡಬಹುದೇ?

ಬೇಡ. ಪಂಜುರ್ಲಿ, ಗುಳಿಗ, ಕೋಟಿ ಚೆನ್ನಯರು ನಮ್ಮ ನೆರೆಯವರು ಕೈ ಮುಗಿಯುವ ದೈವಗಳು. ನೇಮದ ದಿನ ಇಡೀ ಮನೆ ಉಪವಾಸವಿದ್ದು ಕಾಯುತ್ತದೆ. ನಮ್ಮ ಮನೆಯ ಕ್ರಿಸ್‌ಮಸ್ ಕುಸ್ವಾರ್ ತಿಂಡಿ ಹೋಗುವುದೂ ಅದೇ ಮನೆಗೆ. ಅವರ ದೈವವನ್ನು ಕೊಲ್ಲುವ ಹೀರೊನ ಕಥೆ ಓದಿದ ಮಗು ಮರುದಿನ ಆ ಮನೆಯ ಅಂಗಳದಲ್ಲಿ ಹೇಗೆ ಆಡಬೇಕು? ನೆರೆಯವನನ್ನು ಪ್ರೀತಿಸು ಎಂದ ಕರ್ತನ ಹೆಸರಿನಲ್ಲಿ ಅಂಥ ಕಥೆ ಬರೆಯಲಾಗದು.

ಖಳರಿಗೇನು ಬರ ಇಲ್ಲ. ರಾತ್ರಿ ದೋಣಿಯಲ್ಲಿ ಬಂದು ನೇತ್ರಾವತಿಯ ಮರಳನ್ನೆಲ್ಲ ಅಗೆದು ಸಾಗಿಸುವ, ನದಿಯನ್ನೇ ಮಾರಿಬಿಡುವ ಒಬ್ಬನನ್ನು ಕಲ್ಪಿಸಿಕೊಳ್ಳಿ. ನದಿ ಮಾತಾಡಬಲ್ಲದು, ಆದರೆ ಅವನು ಅದರ ಧ್ವನಿಯನ್ನು ಸೀಸೆಯಲ್ಲಿ ಮುಚ್ಚಿಟ್ಟಿದ್ದಾನೆ. ಸೀಸೆ ಎಲ್ಲಿದೆ ಎಂದು ಗೊತ್ತಿರುವುದು ಬೆಂಗ್ರೆಯ ಒಂದು ಏಡಿಗೆ ಮಾತ್ರ. ಕಥೆ ಆಗಲೇ ಹೊರಟಿತು ನೋಡಿ.

ಜಾಗಗಳಿಗಂತೂ ಕೊರತೆಯೇ ಇಲ್ಲ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಆರುತ್ತಾ ಸೀಳಿ ಆದ ಕಲ್ಲಿನ ಕಂಬಗಳು ನಿಂತಿವೆ. ಯಾರೋ ಕೆತ್ತಿ ಜೋಡಿಸಿಟ್ಟಷ್ಟು ಅಚ್ಚುಕಟ್ಟು. ಬೇರೆ ಲೋಕಕ್ಕೆ ಬಾಗಿಲು ಬೇಕಿದ್ದರೆ ಅಲ್ಲಿಡಿ. 1901ರಿಂದ ಕಾಪು ಬಂಡೆಯ ಮೇಲೆ ನಿಂತ ದೀಪಸ್ತಂಭ ಇದೆ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲು ಇದೆ. ಸಿಂಹವೇ ಬರಬೇಕೆಂದಿಲ್ಲ. ಹಿಮವಂತೂ ಖಂಡಿತ ಬೇಡ.

ಭಾಷೆಗೆ ಪಂಜೆ ಮಂಗೇಶರಾಯರನ್ನು ಓದಿ. ಬಂಟ್ವಾಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಪಾಠ ಹೇಳಿದವರು. ಮಕ್ಕಳಿಗೆ ಹೇಳುವ ವಾಕ್ಯ ಎಷ್ಟು ಗಿಡ್ಡವಿರಬೇಕು, ಎಲ್ಲಿ ಕುಣಿಯಬೇಕು ಎನ್ನುವುದನ್ನು ಅವರಿಗಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ಈ ಪುಸ್ತಕಗಳನ್ನು ನಾವೇ ಕನ್ನಡಕ್ಕೆ ಅನುವಾದಿಸಿ ಹಂಚಬಹುದೇ?

ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮ್ಯಾಕ್‌ಡೊನಾಲ್ಡ್ ತೀರಿಕೊಂಡದ್ದು 1905ರಲ್ಲಿ, ಬನ್ಯನ್ ಅದಕ್ಕೂ ಬಹಳ ಹಿಂದಿನವರು. ಇವರ ಪುಸ್ತಕಗಳು ಎಲ್ಲರ ಸ್ವತ್ತು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಇಂಗ್ಲಿಷ್ ಮೂಲ ಉಚಿತವಾಗಿ ಸಿಗುತ್ತದೆ. ಲೂಯಿಸ್ ತೀರಿಕೊಂಡದ್ದು 1963ರಲ್ಲಿ, ಆದ್ದರಿಂದ ಅವರ ಬರಹದ ಅವಧಿ ಇಲ್ಲಿ 2023ರ ಕೊನೆಗೆ ಮುಗಿಯಿತು. ಆದರೆ ಬ್ರಿಟನ್ನಿನಲ್ಲಿ ಅದು 70 ವರ್ಷ, ಹಾಗಾಗಿ ಇಂಟರ್ನೆಟ್ಟಿಗೆ ಹಾಕಿದರೆ ತೊಡಕಾಗಬಹುದು. ಪುಸ್ತಕದ ಚಿತ್ರಗಳ ಹಕ್ಕು ಬೇರೆ, ಪಾಲಿನ್ ಬೇನ್ಸ್ ಬರೆದ ಆ ಚಿತ್ರಗಳನ್ನು ಮುಟ್ಟಬೇಡಿ. ಟೋಲ್ಕಿನ್ 1973ರವರೆಗೆ ಬದುಕಿದ್ದರು, ಅವರದಕ್ಕೆ 2033ರ ಕೊನೆಯವರೆಗೆ ಕಾಯಬೇಕು. ಅಚ್ಚಿಗೆ ಕೊಡುವ ಮೊದಲು ವಕೀಲರೊಬ್ಬರ ಹತ್ತಿರ ಕೇಳಿಕೊಳ್ಳಿ.

ನನ್ನ ಆಸೆ ಕೇಳಿದರೆ, ಮ್ಯಾಕ್‌ಡೊನಾಲ್ಡರ ಐರೀನಳಿಂದ ಶುರು ಮಾಡಿ. ಕನ್ನಡದ ಮಕ್ಕಳಿಗೆ ಆ ಮುತ್ತಜ್ಜಿ ಬೇಕು.

ಐದನೇ ಕ್ಲಾಸಿನ ಮಗಳು ತಾನೇ ಕಥೆ ಬರೆಯುತ್ತಿದ್ದಾಳೆ. ಹೇಗೆ ಸಹಾಯ ಮಾಡಲಿ?

ಅಕ್ಷರ ತಿದ್ದಬೇಡಿ, ದೇವರ ಹೆಸರು ಎಲ್ಲಿದೆ ಎಂದೂ ಕೇಳಬೇಡಿ. ಮುಂದೇನಾಯಿತು ಎಂದಷ್ಟೇ ಕೇಳಿ.

ಒಂದು ಶನಿವಾರ ಸಂತ ಅಲೋಶಿಯಸ್ ಚಾಪೆಲಿಗೆ ಕರೆದುಕೊಂಡು ಹೋಗಿ. ಮಂಗಳೂರಿಗೆ ಬಂದ ಇಟಲಿಯ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿ ತುಂಬಾ ಚಿತ್ರ ಬರೆದಿದ್ದಾರೆ. ಒಂದೇ ಒಂದು ಚಿತ್ರದ ಕೆಳಗೆ ಕೂರಿಸಿ. ದೊಡ್ಡ ಸಂತರನ್ನು ಬಿಟ್ಟು, ಮೂಲೆಯಲ್ಲಿ ನಿಂತ ಯಾರಾದರೊಬ್ಬರನ್ನು ಅವಳೇ ಆರಿಸಲಿ. ಅವನು ಇಲ್ಲಿಗೆ ಬರುವ ಮೊದಲು ಎಲ್ಲಿದ್ದ, ಕೈಯಲ್ಲಿ ಏನಿದೆ, ಯಾರಿಗೆ ಹೆದರಿದ್ದಾನೆ, ಈಗ ಎಲ್ಲಿಗೆ ಓಡುತ್ತಾನೆ ಎಂದು ಕೇಳುತ್ತಾ ಹೋಗಿ. ನಮ್ಮ ಮಕ್ಕಳನ್ನು ಹೀಗೆ ಕರೆದೊಯ್ದಾಗ ವಾಪಸು ಬರುವ ಬಸ್ಸಿನಲ್ಲೇ ಬರೆಯಲು ಶುರು ಮಾಡುತ್ತಾರೆ. ಪೆನ್ನು, ಗೆರೆ ಇಲ್ಲದ ನೋಟ್‌ಬುಕ್ಕು ಜೊತೆಗಿರಲಿ.